ಅಕ್ಷರಗಾಣದ ಉತ್ತರಾಧಿಕಾರಿ

"ಯಾರು ಕಳಿಸಿದ್ದು ನಿನ್ನ? ನಿಜ ಹೇಳು," ಎಂದ ಕೆಂಪರಾಜ.

"ಯಾರೂ ಕಳಿಸಿಲ್ಲ ಅಣ್ಣ. ಶಿವಾಜಿನಗರದಿಂದ ನಾನೇ ಬಸ್ ಹತ್ಕೊಂಡು ಬಂದೆ," ಎಂದ ಆದಿಲ್.

ಬಾಣಸವಾಡಿಯ ಆ ನಡುಮನೆಯಲ್ಲಿ ಅಂದು ಭೂಮಂಡಲದ ಭವಿಷ್ಯ ತೀರ್ಮಾನವಾಗುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ, ಕಡಿಮೆ ಮಾಡಿ ಹೇಳಿದ್ದು.

ಹಳೆಯ ಫಾಂಟುಗಳಲ್ಲಿ ಸಿಕ್ಕಿಬಿದ್ದ ಕನ್ನಡವನ್ನು ಯಾವ ಕಂಪ್ಯೂಟರಿನಲ್ಲಾದರೂ ಓದುವಂತೆ ಮಾಡುವ 'ಅಕ್ಷರಗಾಣ' ಎಂಬ ತಂತ್ರಾಂಶವನ್ನು ಕೆಂಪರಾಜ ಹಿಂದೊಮ್ಮೆ ಬರೆದು, ಬೇಕಾದವರು ಪುಕ್ಕಟೆ ಬಳಸಲಿ ಎಂದು ಇಂಟರ್ನೆಟ್ಟಿಗೆ ಬಿಟ್ಟಿದ್ದ. ಆಮೇಲೆ ಅಪ್ಪನ ಹೊಲದಲ್ಲಿ ಎದ್ದ ಬಾಡಿಗೆ ಮನೆಗಳ ನಲ್ಲಿ ರಿಪೇರಿಯಲ್ಲಿ ಮುಳುಗಿದವನು ಅದರತ್ತ ತಿರುಗಿ ನೋಡಿರಲಿಲ್ಲ. ಅದೋ, ಸಾಕುವವರಿಲ್ಲದೆಯೂ ಆನೆಯಾಗಿ ಬೆಳೆದಿತ್ತು. ದಿನಕ್ಕೆ ಸಾವಿರಾರು ಡೌನ್‌ಲೋಡ್. ಭಾನುವಾರವೂ ಅಷ್ಟೇ, ದೀಪಾವಳಿಗೂ ಅಷ್ಟೇ. ಇಷ್ಟಾದರೂ ಬಳಸಿದ ಒಬ್ಬನಿಂದಲೂ ದೂರಿಲ್ಲ. ಅಂಥ ನಿರ್ದೋಷ ಸೃಷ್ಟಿ ಬ್ರಹ್ಮನಿಗೂ ಕೈಗೂಡಿರಲಿಲ್ಲ.

ಅದರ ಉಸ್ತುವಾರಿ ತನಗೆ ಕೊಡಿ ಎಂದು ಆದಿಲ್ ಬಂದಿದ್ದ. ಸಿಹಿ ಮಾತಾಡಿ ಅನಾಥ ತಂತ್ರಾಂಶದ ಕೀಲಿ ಪಡೆದು, ಒಳಗೆ ವಿಷ ಬೆರೆಸುವವರ ಸುದ್ದಿಗಳನ್ನೆಲ್ಲ ಕೆಂಪರಾಜ ಅರೆದು ಕುಡಿದಿದ್ದ.

"ಇದರ ಉಸಾಬರಿ ನಿನಗ್ಯಾಕೆ?"

"ಸೋಮವಾರ ಇಂದಿರಾನಗರದಲ್ಲಿ ಇಂಟರ್‌ವ್ಯೂ ಅಣ್ಣ. ಕೆಲಸ ಹೋಗಿ ವರ್ಷ ಆಗ್ತಾ ಬಂತು. ಇಷ್ಟು ಜನ ಬಳಸೋದನ್ನ ನಾನು ನೋಡ್ಕೊಳ್ತೀನಿ ಅಂತ ಡೌನ್‌ಲೋಡ್ ಗ್ರಾಫ್ ತೋರ್ಸಿದ್ರೆ ಕೆಲಸ ಗ್ಯಾರಂಟಿ. ಇಲ್ಲಾಂದ್ರೆ ಮಾಮೂ ಅಂಗಡೀಲಿ ಸೂಟ್‌ಕೇಸ್ ಮಾರ್ತಾ ಕೂರ್ಬೇಕು." ಆದಿಲ್ ದನಿ ತಗ್ಗಿಸಿದ. "ಅಲ್ಲ ಅಣ್ಣ, ದಿನಾ ಇಳಿಸ್ಕೊಳ್ಳೋರೆಲ್ಲ ಯಾರು?"

"ಭಕ್ತರು," ಎಂದ ಕೆಂಪರಾಜ.

ಅವನ ತಾಯಿ ಚಿಕ್ಕಮುನಿಯಮ್ಮ ಕಾಫಿ ತಂದರು. ಮೆಟ್ಟಿಲ ಕೆಳಗೆ ಹಳೆಯ ಕಂಪ್ಯೂಟರೊಂದು ಗೊಂಯ್ ಎನ್ನುತ್ತಿತ್ತು. ಬೆಚ್ಚನೆಯ ಅದರ ಬೆನ್ನ ಮೇಲೆ, ಧನುರ್ಮಾಸದ ಚಳಿಯೆಲ್ಲ ಊರಿನವರಿಗಿರಲಿ ಎಂಬಂತೆ ಬೆಕ್ಕು ಮಲಗಿತ್ತು.

"ಪೊಲೀಸ್ ಥರ ಕೇಳ್ತೀಯಲ್ಲೋ. ನೀನೂ ಮಾಡಲ್ಲ, ಮಾಡೋನಿಗೂ ಬಿಡಲ್ಲ. ಕೊಡು ಅತ್ಲಾಗೆ," ಎಂದರು.

ತಾಯಿಯ ಮಾತು. ಕೆಂಪರಾಜ ಪಟ್ಟಾಭಿಷೇಕದ ಗತ್ತಿನಲ್ಲಿ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿದ. ಅಕ್ಷರಗಾಣ ಆದಿಲ್‌ನದಾಯಿತು. ಅವನ ಕಣ್ಣಲ್ಲಿ ಬಂದ ನೀರಿಗೆ ಹಲಸೂರು ಕೆರೆ ಕೋಡಿ ಬೀಳಬೇಕಿತ್ತು.

"ಪ್ರಪಂಚಾನೇ ನಿನ್ನ ಕೈಗಿಟ್ಟಿದೀನಿ ಮಗಾ. ಬೀಳಿಸ್ಬೇಡ."

ಆದಿಲ್ ಹೊರಟ ಮೇಲೆ ಚಿಕ್ಕಮುನಿಯಮ್ಮ ಕೇಳಿದರು: "ಹಂಗಾದ್ರೆ ಮೆಟ್ಟಿಲ ಕೆಳಗಿನ ಈ ಡಬ್ಬ ಆರಿಸ್ಲೇನೋ? ಮುಟ್ಬೇಡ ಅಂದಿದ್ದೆ ಅಂತ ಇಷ್ಟು ವರ್ಷ ಸುಮ್ನಿದ್ದೆ."

"ಆರಿಸಮ್ಮ. ಇನ್ನು ನಂದೇನಿದೆ," ಎಂದ ಕೆಂಪರಾಜ, ರಾಜ್ಯ ತ್ಯಜಿಸಿದವನ ಹಾಗೆ.

ಸೋಮವಾರ ಬೆಳಿಗ್ಗೆ ಫೋನು. ಆದಿಲ್‌ನದು.

"ಅಣ್ಣ, ನಿಮ್ಮನೆಯಿಂದ ಬಂದ ಸಂಜೆಯಿಂದ ಡೌನ್‌ಲೋಡ್ ಸೊನ್ನೆ. ಪೂರಾ ಸೊನ್ನೆ. ಅಮ್ಮೀ ಆಣೆ, ನಾನು ಒಂದಕ್ಷರ ಮುಟ್ಟಿಲ್ಲ. ಮಧ್ಯಾಹ್ನ ಇಂಟರ್‌ವ್ಯೂ. ಏನು ತೋರಿಸ್ಲಿ?"

"ವಿಷ ಬೆರೆಸ್ದೆ ಅಲ್ವೇನೋ. ಗೊತ್ತಿತ್ತು ನಂಗೆ. ಇಡೀ ಭೂಮಿ ಮೇಲಿನ ಕನ್ನಡ ನಿಲ್ಲಿಸ್ಬಿಟ್ಟೆ," ಎಂದು ಕೆಂಪರಾಜ ಗುಡುಗಿದ್ದು ಟಿನ್ ಫ್ಯಾಕ್ಟರಿ ಸ್ಟಾಪಿನ ಬಸ್ಸುಗಳಿಗೂ ಕೇಳಿಸಿತು.

ಆಗ ಚಿಕ್ಕಮುನಿಯಮ್ಮ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. "ಪಾಪ, ಇದು ನಡುಗ್ತಾ ಇದೆ ಕಣೋ. ಆ ಡಬ್ಬ ಮತ್ತೆ ಹಾಕ್ಲಾ?"

ಕೆಂಪರಾಜ ಮೆಟ್ಟಿಲ ಕೆಳಗೆ ನೋಡಿದ. ಅಕ್ಷರಗಾಣ ಸರಿಯಾಗಿ ಇಳಿಯುತ್ತದೆಯೇ ಎಂದು ಪರೀಕ್ಷಿಸಲು ಆ ಕಂಪ್ಯೂಟರನ್ನು ಅಲ್ಲಿ ಇಟ್ಟವನು ಅವನೇ. ಇಳಿಸು, ಅಳಿಸು, ಮತ್ತೆ ಇಳಿಸು ಎಂದು ಅದಕ್ಕೆ ಹೇಳಿದ್ದ. ಸಾಕು ಎಂದು ಹೇಳುವುದನ್ನು ಮರೆತಿದ್ದ.

ಫೋನನ್ನು ಅಂಗೈಯಿಂದ ಮುಚ್ಚಿ, ತಗ್ಗಿದ ದನಿಯಲ್ಲಿ ಹೇಳಿದ: "ಬೇಗ ಹಾಕಮ್ಮ, ಇಡೀ ಪ್ರಪಂಚ ಕಾಯ್ತಾ ಇದೆ."