ತಡವರಿಸಬೇಕಿತ್ತು

ವರ್ಷಕ್ಕೊಮ್ಮೆ ನಗರಸಭೆ ಎಲ್ಲರಿಂದಲೂ ಕಥೆ ಓದಿಸುತ್ತಿತ್ತು. ಚೆನ್ನಾಗಿ ಓದಿದವರ ದನಿಯನ್ನು ತಾನೇ ಇಟ್ಟುಕೊಂಡು, ತಡವರಿಸಿದವರನ್ನು ಹಾಗೇ ಮನೆಗೆ ಕಳಿಸುತ್ತಿತ್ತು.

“ಅವ್ವಾ, ಬೇಕಂತ ಕೆಟ್ಟದಾಗಿ ಓದು. ಹೊಸದಾಗಿ ಕಲಿತಾಗ ಓದ್ತಿದ್ದಿ ನೋಡು, ಹಂಗ,” ಎಂದು ಮಗಳು ಕಸ್ತೂರಿ ಬಾಗಿಲಲ್ಲಿ ಮತ್ತೆ ನೆನಪಿಸಿದಳು.

ಸತ್ಯವ್ವ ಮೊದಲ ಪುಟವನ್ನು ಅಕ್ಷರ ಅಕ್ಷರ ಕೂಡಿಸಿ, ರಾಗ ಎಳೆದು ಓದಿದಳು. ಪರೀಕ್ಷಕ ಆಕಳಿಸಿದ. ಎರಡನೆಯ ಪುಟದಲ್ಲಿ, ಸಂತೆಯಲ್ಲಿ ಕಳೆದುಹೋದ ಮಗುವೊಂದು ತಾಯಿಯನ್ನು ಕೂಗಿತು. ಸಂಜೆಶಾಲೆಯಲ್ಲಿ ಕಷ್ಟಪಟ್ಟು ಓದು ಕಲಿತವಳಿಗೆ ಅದನ್ನು ಸಪ್ಪೆಯಾಗಿ ಓದಲು ಮನಸ್ಸೇ ಬರಲಿಲ್ಲ. ಅಲ್ಪವಿರಾಮದಲ್ಲಿ ನಿಂತಳು, ಕೂಗಿನಲ್ಲಿ ನಡುಗಿದಳು.

“ಭಾಳ ಛಲೋ ಓದಿದ್ರಿ, ತಾಯಿ,” ಎಂದು ಪರೀಕ್ಷಕ ಕಣ್ಣೊರೆಸಿಕೊಂಡು ದನಿ ಎಳೆದುಕೊಳ್ಳುವ ಯಂತ್ರದ ಗುಂಡಿ ಒತ್ತಿದ.

ಹೊರಗೆ ಕಸ್ತೂರಿ ಓಡಿ ಬಂದಳು. “ಕೆಡಿಸಿದಿ ಹೌದಿಲ್ಲವ್ವಾ?”

ಸತ್ಯವ್ವ ಬಾಯಿ ತೆರೆದಳು. ಬೀದಿಕಂಬದ ಧ್ವನಿವರ್ಧಕ ಅವಳದೇ ದನಿಯಲ್ಲಿ, ಅದೇ ನಡುಕದಲ್ಲಿ ಹೇಳಿತು: “ನಾಳೆ ನಳದಲ್ಲಿ ನೀರು ಬರುವುದಿಲ್ಲ. ದಯವಿಟ್ಟು ಸಹಕರಿಸಿ.”