ಎರಡು ಪಟ್ಟಿಯ ಅಂಗಿ

ಗಂಗುಲಪ್ಪನ ಅಂಗಿ ಕೋದಂಡರಾಮಪ್ಪನಿಗೆ ಬಿಗಿಯಾಗಿತ್ತು. ಹೊಟ್ಟೆಯ ಮೇಲಿನ ಗುಂಡಿ ಈಗಲೋ ಆಗಲೋ ಅನ್ನುತ್ತಿತ್ತು. ಆದರೂ ತೋಳಿನ ಮೇಲೆ ಹೊಲಿದಿದ್ದ ಎರಡು ಪಟ್ಟಿ ಹೆಣ್ಣಿನ ಕಡೆಯವರ ಕಣ್ಣಿಗೆ ಬೀಳಲೆಂದು ಆತ ಪಡಸಾಲೆಯ ಕಂಬಳಿಯ ಮೇಲೆ ಓರೆಯಾಗಿ ಕೂತಿದ್ದ. ಮಿಲಿಟರಿಯಲ್ಲಿ ಎರಡು ಪಟ್ಟಿ ಅಂದರೆ ನಾಯಕ್. ಹತ್ತು ಮಂದಿ ಸಿಪಾಯಿಗಳ ಮೇಲೆ ಹುಕುಂ ನಡೆಸುವವನು. ಕೋದಂಡರಾಮಪ್ಪ ಸಿಪಾಯಿಯಾಗಿ ಸೇರಿ, ಯುದ್ಧ ಮುಗಿದ ಮೇಲೆ ನಲವತ್ತಾರನೇ ಇಸವಿಯಲ್ಲಿ ಸಿಪಾಯಿಯಾಗಿಯೇ ಆವನಿ ಊರಿಗೆ ವಾಪಸು ಬಂದವನು. ಆದರೆ ಪಟೇಲರ ಮಗ ತಾನು ಬರೀ ಸಿಪಾಯಿ, ಪಟೇಲರ ಹೊಲದಾಳಿನ ಮಗ ಗಂಗುಲಪ್ಪ ನಾಯಕ್ ಅಂತ ಹೆಣ್ಣು ಕೊಡುವವರ ಮುಂದೆ ಹೇಳುವುದು ಹೇಗೆ?

ಹಾಗಾಗಿ ಹಿಂದಿನ ದಿನ ತೋಟದ ಬಾವಿಯ ಹತ್ತಿರ ಅವನು ಗಂಗುಲಪ್ಪನ ಕೈ ಹಿಡಿದುಕೊಂಡಿದ್ದ. "ಲೇ ಗಂಗುಲಾ, ಒಂದೇ ಒಂದು ದಿನ ಕಣೋ. ನಾನು ನಾಯಕ್, ನೀನು ಸಿಪಾಯಿ. ಹೆಣ್ಣಿನ ಅಜ್ಜಿ ಒಪ್ಪಿದ್ರೆ ಮದುವೆ ಆದಂಗೇ." ಗಂಗುಲಪ್ಪ ಹೂಂ ಅಂದ. ಬೆಂಗಳೂರಿನ ದಂಡಿನಲ್ಲಿ ಆರು ತಿಂಗಳ ತರಬೇತಿಯಲ್ಲಿ ಇಬ್ಬರೂ ಪಕ್ಕಪಕ್ಕ ಮಲಗಿದವರು, ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು. ಗಂಗುಲಪ್ಪನ ಗಂಟಲಿಗೆ ಮೆಚ್ಚಿ ಹವಾಲ್ದಾರ ಅವನನ್ನೇ ಕವಾಯತಿನ ಹುಕುಂ ಕೂಗಲು ನಿಲ್ಲಿಸಿದಾಗ, ಕೋದಂಡರಾಮಪ್ಪ ಅವನ ಮಾತಿಗೆ ಎದ್ದು ಕೂತು ಓಡಿದ್ದೂ ಉಂಟು. ಇಷ್ಟು ಸ್ನೇಹಕ್ಕೆ ಒಂದು ಅಂಗಿ ಯಾವ ಮಹಾ? ಒಗೆದ ಅಂಗಿ ಕೊಟ್ಟು, ಸಾಕ್ಷಿ ಹೇಳಲೆಂದು ತಾನೂ ಬೆಳಗ್ಗೆಯೇ ಬಂದು ಪಟೇಲರ ಅಂಗಳದಲ್ಲಿ ನಿಂತಿದ್ದ.

ಹೆಣ್ಣಿನ ಅಜ್ಜಿ ದೊಡ್ಡಮುನಿಯಮ್ಮ ಸುಗಟೂರಿನಿಂದ ಗಂಡಿನ ಮನೆ ನೋಡಲು ಬಂದಿದ್ದಳು. ಬಾವಿಯ ನೀರು, ಕಣಜದ ರಾಗಿ, ಎತ್ತಿನ ಹಲ್ಲು ಎಲ್ಲವನ್ನೂ ನೋಡಿಯಾಗಿತ್ತು. ಇನ್ನು ಗಂಡೊಂದು ಬಾಕಿ.

"ಮಿಲಿಟ್ರೀಲಿ ಏನ್ ಕಲಿಸ್ತಾರೆ ನಾಯ್ನಾ?"

"ನಂಗ್ಯಾರು ಕಲಿಸ್ತಾರಜ್ಜಿ? ನಾನೇ ಇವ್ರಿಗೆಲ್ಲ ಕಲಿಸ್ದೆ. ಎಡಗಾಲು ಯಾವ್ದು, ಬಲಗಾಲು ಯಾವ್ದು ಅಂತ ಗೊತ್ತಿಲ್ದಿರೋ ಗುಗ್ಗುಗಳು. ಹೌದೇನ್ಲಾ ಗಂಗುಲಾ?"

"ಹೌದು ಚಿಕ್ಕಗೌಡ್ರೇ."

"ಮೊದಲ್ನೇ ದಿನ ಚಪಾತಿ ಹಾಕಿದ್ರು ಅಜ್ಜಿ. ಇವನು ಹುಟ್ಟಿದಾಗ್ಲಿಂದ ಮುದ್ದೆ ಬಿಟ್ರೆ ಬೇರೆ ಕಂಡೋನಲ್ಲ. ಎರಡು ಚಪಾತೀನೂ ಸೇರಿಸಿ ಉಂಡೆ ಕಟ್ಟಿ, ಬೇಳೆ ಪಪ್ಪಲ್ಲಿ ಅದ್ದಿ, ಅಗೀದೇನೇ ಗುಳುಂ ಅಂತ ನುಂಗ್ಬಿಟ್ಟ! ಗಂಟಲಲ್ಲಿ ಸಿಕ್ಕಾಕೊಂಡು ಕಣ್ಣುಗುಡ್ಡೆ ಆಚೆಗೆ ಬಂತು. ನಾನು ಬೆನ್ನಿಗೊಂದು ಗುದ್ದಿದೆ ನೋಡಿ, ಬದುಕ್ಕೊಂಡ."

"ಪಾಪ, ಮುದ್ದೆ ನುಂಗೋರಿಗೆ ಅಗೀರಿ ಅಂದ್ರೆ ಹೆಂಗೆ?" ಎಂದು ಅಜ್ಜಿ ನಕ್ಕಳು. ಗಂಗುಲಪ್ಪನೂ ನಕ್ಕ. ನುಂಗಿದವನು ಕೋದಂಡರಾಮಪ್ಪ, ಗುದ್ದಿದವನು ತಾನು. ಹೋಗಲಿ, ಚಪಾತಿ ತಾನೇ, ಅಂದುಕೊಂಡ.

ಒಳಗಿನಿಂದ ಬೆಲ್ಲದ ಕಾಫಿ ಬಂತು. ಪಡಸಾಲೆಯಲ್ಲಿದ್ದವರ ಕೈಗೆಲ್ಲ ಲೋಟ ಸೇರಿತು. ಕೇಳುವವರು ನಕ್ಕರೆ ಸುಳ್ಳು ಹೇಳುವವನಿಗೆ ಹುರುಪು ಹೆಚ್ಚು. ಕೋದಂಡರಾಮಪ್ಪ ಒಂದು ಗುಟುಕು ಹೀರಿ ಮುಂದುವರಿಸಿದ.

"ಆಳು ನೋಡಿ ಹೆಂಗವ್ನೆ! ದಿನಾ ಅಮ್ಮಾ ಅಮ್ಮಾ ಅಂತ ಅಳೋನು. ನನ್ ಕಾಲ್ ಹಿಡ್ಕೊಂಡು, ನಮ್ಮಮ್ಮನ್ನ ನೋಡ್ಬೇಕು, ಊರಿಗೆ ಕಳಿಸ್ಬಿಡಿ ನಾಯಕ್ ಸಾಹೇಬ್ರೇ ಅಂತ..."

ಗಂಗುಲಪ್ಪನ ನಗು ನಿಂತಿತು. ಹಾಗೆ ಅತ್ತವನೂ ಕೋದಂಡರಾಮಪ್ಪನೇ. ಗಂಗುಲಪ್ಪನ ತಾಯಿ ಮುನಿಶಾಮಮ್ಮ ಸತ್ತದ್ದು ತರಬೇತಿಯ ನಾಲ್ಕನೇ ತಿಂಗಳಲ್ಲಿ. ಕಾಗದ ಕೈಸೇರುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಎಂಟು ದಿನವಾಗಿತ್ತು. ರಜ ಸಿಗಲಿಲ್ಲ. ಮುಖ ತೊಳೆದುಕೊಂಡು ಮೈದಾನಕ್ಕೆ ಹೋಗಿ ಅವನು ಎಂದಿನಂತೆ ಕವಾಯತು ಕೂಗಿದ್ದ. ಆ ಕಾಗದವನ್ನು ಅವನಿಗೆ ಓದಿ ಹೇಳಿದವನು ಇದೇ ಕೋದಂಡರಾಮಪ್ಪ. ಗಂಗುಲಪ್ಪ ಎರವಲು ಕೊಟ್ಟಿದ್ದು ಅಂಗಿಯನ್ನು, ಅಮ್ಮನನ್ನಲ್ಲ.

"ಹೌದೇನಪ್ಪಾ?" ಅಜ್ಜಿ ಅಂಗಳದ ಕಡೆ ತಿರುಗಿ ಕೇಳಿದಳು.

ಗಂಗುಲಪ್ಪ ಬೆನ್ನು ನೆಟ್ಟಗೆ ಮಾಡಿ, ಎದೆ ತುಂಬ ಉಸಿರೆಳೆದುಕೊಂಡ.

"ಅಟೆನ್‌ಶನ್!"

ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಂತಿತು. ಪಡಸಾಲೆಯಲ್ಲಿ ಕೋದಂಡರಾಮಪ್ಪನೂ ಎದ್ದು ನಿಂತ. ಹಿಮ್ಮಡಿಗಳು ಟಪ್ಪೆಂದು ಕೂಡಿಕೊಂಡವು, ಕೈಗಳು ತೊಡೆಗೆ ಅಂಟಿಕೊಂಡವು. ಲೋಟದ ಕಾಫಿ ಪಂಚೆಯ ಮೇಲೆ ಬಿಸಿಬಿಸಿಯಾಗಿ ಇಳಿಯುತ್ತಿದ್ದರೂ ಕಣ್ಣು ಮಿಟುಕಿಸಲಿಲ್ಲ. ಉಬ್ಬಿಸಿದ ಎದೆಗೆ ತಡೆಯಲಾರದೆ ಅಂಗಿಯ ಗುಂಡಿ ಹಾರಿ ಅಜ್ಜಿಯ ಮುಂದೆ ಉರುಳಿತು. ಆ ಗಂಟಲಿಗೆ ಪಳಗಿದ್ದ ಕಾಲುಗಳಿಗೆ ಪಟೇಲರ ಮನೆ ಯಾವುದು, ಮೈದಾನ ಯಾವುದು ಎಂದು ತಿಳಿಯಲೇ ಇಲ್ಲ.

"ಕೂತ್ಕೊಳೋ ಕತ್ತೆ!" ಪಟೇಲರು ಹಲ್ಲು ಕಡಿದರು. ಮಗ ಅಲುಗಾಡಲಿಲ್ಲ. ಅವನ ಕಣ್ಣು ಅಂಗಳದಲ್ಲಿದ್ದವನ ಮೇಲೆಯೇ ನೆಟ್ಟಿತ್ತು.

ದೊಡ್ಡಮುನಿಯಮ್ಮ ಗುಂಡಿಯನ್ನು ಎತ್ತಿಕೊಂಡಳು. ತೋಳಿನ ಪಟ್ಟಿಯನ್ನೊಮ್ಮೆ, ಅಂಗಳದಲ್ಲಿದ್ದವನನ್ನೊಮ್ಮೆ ನೋಡಿದಳು. ಐವತ್ತು ವರ್ಷ ಸಂತೆಯಲ್ಲಿ ದನ ಕೊಂಡ ಮುದುಕಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನೀನ್ ಹೇಳ್ದೆ ಇವನು ಕೂರೋ ಹಂಗೆ ಕಾಣಲ್ಲ ನಾಯ್ನಾ. ಕೂತ್ಕೋ ಅಂತ ಒಂದು ಮಾತು ಹೇಳ್ಬಾರ್ದಾ?"

"ಹೇಳ್ಬೋದು ತಾಯಿ," ಅಂದ ಗಂಗುಲಪ್ಪ. "ಬೆಳಗ್ಗೆಯಿಂದ ನಾನೂ ನಿಂತೇ ಇದ್ದೀನಿ. ನಂಗೂ ಯಾರೂ ಹೇಳ್ಲಿಲ್ಲ."