ಗರ್ಭಕೋಶದ ಹೇಳಿಕೆ

ಸಿಸೇರಿಯನ್‌ಗೆ ಮುಂಚೆ ಗರ್ಭಕೋಶದ ಹೇಳಿಕೆ ಬರೆದುಕೊಳ್ಳುವುದು ಈಗ ಕಡ್ಡಾಯ. ಹಳೇ ಹೊಲಿಗೆಯ ಮೇಲೆ ಯಂತ್ರದ ಬಿಲ್ಲೆ ಇಟ್ಟು ಸ್ವಿಚ್ ಹಾಕಿದರೆ ಗರ್ಭಕೋಶ ತಾಯಿಯದೇ ದನಿಯಲ್ಲಿ ಮಾತಾಡುತ್ತದೆ. ಅದು ತಡೆಯಲ್ಲ ಅಂದರೆ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು.

ನಾಗವೇಣಿಗೆ ಇದು ನಾಲ್ಕನೆಯ ಸಿಸೇರಿಯನ್. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅತ್ತೆ ಚೆನ್ನಾಜಮ್ಮ ಜೋಯಿಸರು ಬರೆದುಕೊಟ್ಟ ಮುಹೂರ್ತದ ಚೀಟಿ ಹಿಡಿದು ನಿಂತಿದ್ದರು. ನರ್ಸ್ ಫಿಲೋಮಿನಾ ಬಿಲ್ಲೆ ಇಟ್ಟಳು.

"ಇಲ್ಲಿ ಕೊಯ್ದರೆ ಈ ಸಲ ನಾನು ಉಳಿಯಲ್ಲ. ದೊಡ್ಡಾಸ್ಪತ್ರೆಗೆ ಕಳಿಸಿ."

"ಹೋದ ಸಲಾನೂ ಹೀಗೇ ಅಂದಿತ್ತು," ಎಂದು ಚೆನ್ನಾಜಮ್ಮ ಸಿಡುಕಿದರು. "ಅಲ್ಲಿಗೆ ಹೋಗೋಷ್ಟ್ರಲ್ಲಿ ಮುಹೂರ್ತ ಮೀರತ್ತೆ."

"ನಾನಿನ್ನೂ ಸ್ವಿಚ್ಚೇ ಹಾಕಿಲ್ಲಮ್ಮ," ಎಂದಳು ಫಿಲೋಮಿನಾ. "ಮಾತಾಡಿದ್ದು ನಿಮ್ಮ ಸೊಸೆ."

ಚೆನ್ನಾಜಮ್ಮನವರ ಮುಖ ಸಡಿಲವಾಯಿತು.

"ಸದ್ಯ! ಹಾಗಾದ್ರೆ ಅದನ್ನ ಬರ್ಕೋಬೇಕಾಗಿಲ್ವಲ್ಲ."